ಒಳಗೆ ಬಿಟ್ಟ ಬಟ್ಟೆ

"ನಾನೇನೂ ದಪ್ಪ ಆಗಿಲ್ಲ ಡಾಕ್ಟ್ರೇ. ಎರಡು ವರ್ಷದಿಂದ ಇದೇ ಸ್ಕರ್ಟು. ಬೇಕಾದ್ರೆ ಅಮ್ಮನ್ನ ಕೇಳಿ," ಎಂದಳು ಹದಿನೈದರ ಹುಡುಗಿ.

ಅಮ್ಮ ನೆಲ ನೋಡಿದಳು. ಬೀದಿಗೆಲ್ಲ ಬಟ್ಟೆ ಹೊಲಿಯುವ ಹೆಂಗಸು, ನಾಲಿಗೆಯೂ ಕತ್ತರಿಯಷ್ಟೇ ಚುರುಕು. ಅವತ್ತು ಮಾತ್ರ ಸೆರಗಿನ ಅಂಚು ಮಡಚುತ್ತ ಕೂತಿದ್ದಳು.

ತಲೆನೋವೆಂದು ಮಗಳನ್ನು ಕರೆತಂದಿದ್ದಳು. ಡಾಕ್ಟರಮ್ಮ ಮೂರು ಸಲ ಬಿಪಿ ನೋಡಿದರು. ಮೂರು ಸಲವೂ ಜಾಸ್ತಿ.

"ಕೊಬ್ಬು ಮೂಟೆ ಥರ ಸುಮ್ನೆ ಬಿದ್ದಿರಲ್ಲ ಕಣಮ್ಮ. ಅದೂ ಹಾರ್ಮೋನು ಮಾಡಿ ರಕ್ತಕ್ಕೆ ಬಿಡುತ್ತೆ. ಹೆಚ್ಚಾದ್ರೆ ಕೆಲವರಿಗೆ ಬಿಪಿ ಏರುತ್ತೆ. ನಿನ್ನ ತಪ್ಪೇನಿಲ್ಲ. ಆದ್ರೆ ತೂಕ ಯಾವಾಗಿಂದ ಏರ್ತಾ ಬಂತು ಅಂತ ನಂಗೆ ಗೊತ್ತಾಗ್ಬೇಕು."

ಗೊತ್ತಿದ್ದದ್ದು ಅಮ್ಮನೊಬ್ಬಳಿಗೆ. ಹಿಂದೊಮ್ಮೆ ತಾನು ಸ್ಕರ್ಟು ಸಡಿಲಿಸಲು ಹೊಲಿಗೆ ಬಿಚ್ಚುವುದನ್ನು ಕಂಡು ಮಗಳು ಎರಡು ದಿನ ಊಟ ಮುಟ್ಟಿರಲಿಲ್ಲ. ಅಲ್ಲಿಂದಾಚೆ ಅವಳು ಪಾಠಕ್ಕೆ ಹೋದ ಭಾನುವಾರ ನೋಡಿ, ಸೊಂಟದ ಪಟ್ಟಿ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಒಂದು ಬೆರಳಗಲ ಬಿಟ್ಟು, ಮತ್ತೆ ಹೊಲಿದು, ಇಸ್ತ್ರಿ ಮಾಡಿ ಅದೇ ಮೊಳೆಗೆ ತೂಗುಹಾಕುತ್ತಿದ್ದಳು. ಪ್ರೀತಿಯೇ, ಅಲ್ಲವೆನ್ನಲು ಯಾರಿಗೆ ಬಾಯಿ ಬಂದೀತು? ಆದರೆ ಸೆರಗಿನಲ್ಲಿ ಕಟ್ಟಿಕೊಂಡ ಕೆಂಡ ಸುಡದೆ ಬಿಡುತ್ತದೆಯೇ?

"ಐದು ಸಲ ಬಿಚ್ಚಿದೀನಿ," ಎಂದಳು ಕಡೆಗೆ. "ಎರಡು ವರ್ಷಕ್ಕೆ ನಾಲ್ಕು ಇಂಚು."

ಡಾಕ್ಟರಮ್ಮ ಬರೆದುಕೊಂಡರು. "ಸ್ವಲ್ಪ ಮೊದಲೇ ಬಂದಿದ್ರೆ..." ಎಂದವರು ಅಷ್ಟಕ್ಕೇ ನಿಲ್ಲಿಸಿದರು.

ಮಗಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ದಾರಿಯುದ್ದಕ್ಕೂ ಎರಡು ಹೆಜ್ಜೆ ಮುಂದೆಯೇ ನಡೆದಳು. ಮನೆಗೆ ಬಂದು ಬಟ್ಟೆ ಬದಲಿಸಿ, ಸ್ಕರ್ಟನ್ನು ಒಳಮಗ್ಗುಲು ತಿರುವಿ ಬೆಳಕಿಗೆ ಹಿಡಿದಳು. ಹಳೆಯ ಹೊಲಿಗೆಯ ಸೂಜಿ ತೂತುಗಳು, ಐದು ಸಾಲು. ಬಿಡಲು ಇನ್ನು ಬಟ್ಟೆ ಉಳಿದಿರಲಿಲ್ಲ.

"ಸ್ಕೂಲಲ್ಲಿ ನನ್ನನ್ನ ಡ್ರಮ್ಮು ಅಂತಾರೆ. ಸುಳ್ಳು, ನಂದು ಅದೇ ಸ್ಕರ್ಟು ಅಂತ ಎಲ್ಲರ ಹತ್ರ ವಾದ ಮಾಡ್ತಿದ್ದೆ. ನಂಗೂ ಅನುಮಾನ ಬರ್ತಿತ್ತು. ಆದ್ರೆ ಸ್ಕರ್ಟು ಆಗ್ತಿತ್ತಲ್ಲಮ್ಮ."

"ನಿಂಗೆ ನೋವಾಗ್ಬಾರ್ದು ಅಂತ, ಪುಟ್ಟಿ..."

ಮಗಳು ಹೊಲಿಗೆ ಮಿಷನ್ನಿನ ಮೇಲಿದ್ದ ಟೇಪು ತಂದು ಅಮ್ಮನ ಕೈಗಿಟ್ಟು, ತೋಳೆರಡೂ ಎತ್ತಿ ನಿಂತಳು.

"ಅಳತೆ ತಗೋ. ಜೋರಾಗಿ ಹೇಳು."

ಊರವರ ಸೊಂಟವನ್ನೆಲ್ಲ ಅಳೆದ ಕೈ ಮಗಳ ಸೊಂಟಕ್ಕೆ ಟೇಪು ಸುತ್ತಿತು. ಕಣ್ಣೀರಿನಲ್ಲಿ ಅಂಕಿ ಕಾಣಲಿಲ್ಲ.

ಮಗಳು ತಾನೇ ತಲೆ ಬಗ್ಗಿಸಿ, ಅಂಕಿಯನ್ನು ಜೋರಾಗಿ ಓದಿದಳು.