ಹೋಗುವಾಗ ಭಾರ, ಬರುವಾಗ ಹಗುರ

ನಾನು ಒಂದು ಹೆಣದ ಪೆಟ್ಟಿಗೆ. ಮುಖ ತಿರುಗಿಸಬೇಡಿ, ಕೂತು ಕೇಳಿ. ನನ್ನಂಥವರನ್ನು ಯಾರೂ ಬಯಸುವುದಿಲ್ಲ, ಬೇಡವೆನ್ನುವುದಕ್ಕೂ ಆಗುವುದಿಲ್ಲ.

ಗದಗಿನ ಕಡೆ ನೇಕಾರರ ಓಣಿಯಲ್ಲಿದ್ದ ಪುಟ್ಟ ಚರ್ಚಿಗಾಗಿ ಯೋನಪ್ಪ ಮೇಸ್ತ್ರಿ ನನ್ನನ್ನು ಮಾಡಿದ. ಆಳಿಗೊಂದು ಪೆಟ್ಟಿಗೆ ಕೊಳ್ಳುವ ತಾಕತ್ತು ಆ ಸಭೆಗೆ ಇರಲಿಲ್ಲ. ಎಲ್ಲರಿಗೂ ನಾನೊಂದೇ. ಸತ್ತವರನ್ನು ನನ್ನಲ್ಲಿ ಮಲಗಿಸಿ ಸಮಾಧಿಯವರೆಗೆ ಹೊತ್ತೊಯ್ಯುತ್ತಿದ್ದರು. ಅಲ್ಲಿ ಬಿಳಿ ಬಟ್ಟೆ ಸುತ್ತಿದ ದೇಹವನ್ನಷ್ಟೇ ಮಣ್ಣಿಗಿಳಿಸಿ, ನನ್ನನ್ನು ವಾಪಸು ತರುತ್ತಿದ್ದರು. ಹೋಗುವಾಗ ಭಾರ, ಬರುವಾಗ ಹಗುರ. ಇದೇ ನನ್ನ ಬಾಳು.

ಸಭಾಹಿರಿಯ ಗಿದ್ಯೋನಪ್ಪನವರು ನನ್ನನ್ನು ಮಾಡಿಸಿದವರು. ಪಾದ್ರಿಗಳು ತಿಂಗಳಿಗೊಮ್ಮೆ ಬರುವವರಾದ್ದರಿಂದ ಉಳಿದ ದಿನವೆಲ್ಲ ಇವರದೇ ಮಾತು. "ಯೋನಪ್ಪಾ, ಪೆಟ್ಟಿಗಿ ಹೊಂಟ್ರ ಸಭೆಯ ಮರ್ಯಾದಿ ಕಾಣಬೇಕ ನೋಡು" ಎಂದಿದ್ದರು.

ಯೋನಪ್ಪ ನಕ್ಕುಬಿಟ್ಟ. "ಹೊರಗ ಸಾಗವಾನಿ ಬಡೀತೀನ್ರೀ, ಒಳಗ ಮಾವಿನ ಹಲಗಿ. ಹೊರಗಿಂದು ಮಂದಿ ನೋಡ್ತಾರ. ಒಳಗಿಂದು ಸತ್ತಾವ ನೋಡ್ತಾನ, ಅಂವಾ ಏನ್ ತಕರಾರು ಮಾಡ್ತಾನ?"

ಒಳಗೆ ನೀಲಿ ಮಖಮಲ್ಲು ಹಾಸಿ, ಮೇಲೆ ಪಾಲಿಶ್ ಹೊಡೆದು, ಚರ್ಚಿನ ಪಕ್ಕದ ತಗಡಿನ ಕೋಣೆಯಲ್ಲಿ ನನ್ನನ್ನು ಇಟ್ಟರು. ಅಲ್ಲಿಯೇ ನನಗೆ ರಾಹೇಲವ್ವನ ಪರಿಚಯವಾದದ್ದು.

ಅವಳು ಒಂಟಿ ಹೆಂಗಸು, ನೂಲು ಸುತ್ತಿ ಹೊಟ್ಟೆ ಹೊರೆಯುವವಳು. ಒಂದು ಭಾನುವಾರ ಆರಾಧನೆಯ ನಡುವೆ ಗಿದ್ಯೋನಪ್ಪನವರ ದನಿ ಗೋಡೆಯಾಚೆಯಿಂದ ನನಗೆ ಕೇಳಿತು. "ರಾಹೇಲವ್ವಾ, ಹೊರಗ ಕುಂದ್ರು. ಮಂದಿ ಮೂಗು ಮುಚ್ಕೊಂಡು ಪ್ರಾರ್ಥನಿ ಮಾಡಾಕತ್ತಾರ. ದೇವರ ಮನಿಗೆ ಬರೂ ಮುಂದ ಒಂದ್ ಒಗದ ಸೀರಿ ಉಡಾಕ ಏನಾಗೇತಿ?"

"ಒಗದದ್ದ ಐತ್ರೀ, ಯಪ್ಪಾ" ಎಂದಳು. ಎದ್ದು ಬಂದು ನನಗೆ ಒರಗಿ ಕೂತಳು. ಹೌದು, ನಾತವಿತ್ತು, ಕೀವು, ಬೇವಿನೆಣ್ಣೆ, ಫಿನಾಯಿಲು ಎಲ್ಲ ಕೂಡಿದ ನಾತ. ಅಂದಿನಿಂದ ಅವಳ ಜಾಗ ಅದೇ ಆಯಿತು. ಗೋಡೆಯಾಚೆಯ ಪ್ರಸಂಗ ಕೇಳುವಳು, ಹಾಡಿಗೆ ಮೆಲ್ಲಗೆ ದನಿಗೂಡಿಸುವಳು. ಕರ್ತನ ಭೋಜನದ ದಿನ ಸಭೆಯವರಿಗೆಲ್ಲ ಹಂಚುವ ರೊಟ್ಟಿಯ ತಟ್ಟೆ ಬೆಂಚುಗಳ ನಡುವೆಯೇ ತಿರುಗಿ ಹೋಗುತ್ತಿತ್ತು. ತಗಡಿನ ಕೋಣೆಗೆ ಬರುತ್ತಿರಲಿಲ್ಲ.

"ಎಲ್ಲಿಂದ ಈ ವಾಸನಿ ಅಂತ ಕೇಳಬ್ಯಾಡ" ಎಂದು ಒಮ್ಮೆ ನನ್ನನ್ನು ತಟ್ಟುತ್ತ ಹೇಳಿದಳು. "ಹೇಳಂಗಿಲ್ಲಂತ ಮಾತು ಕೊಟ್ಟೇನಿ. ಇರಲಿ ಬಿಡು. ನನ್ನ ಗಂಡ ನಿನ್ನಾಗ ಹೋದ, ಕೂಸೂ ನಿನ್ನಾಗ ಹೋತು. ನಾನೂ ನಿನ್ನಾಗ ಹೋಗಾಕಿ. ಅಷ್ಟಾದ್ರ ಸಾಕು ನನಗ."

ಆ ಮಳೆಗಾಲದಲ್ಲಿ ಗಿದ್ಯೋನಪ್ಪನವರ ತಾಯಿ ಮಾರ್ತವ್ವ ತೀರಿಕೊಂಡರು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಜೀವ. ಅವರನ್ನು ನನ್ನೊಳಗೆ ಮಲಗಿಸಿದ ಗಳಿಗೆಗೆ ನಾನು ಬೆಚ್ಚಿದೆ. ಅದೇ ಕೀವು, ಅದೇ ಬೇವಿನೆಣ್ಣೆ, ಅದೇ ಫಿನಾಯಿಲು.

"ಎಷ್ಟ್ ಚಂದ ತಲಿ ಬಾಚಿ ಇಟ್ಟಾರ ನೋಡ್ರಿ! ತಾಯಿನ್ನ ನೋಡ್ಕೊಂಡ್ರ ಹಿಂಗ ನೋಡ್ಕೋಬೇಕು" ಎಂದು ಮಂದಿ ಗಿದ್ಯೋನಪ್ಪನವರನ್ನು ಹೊಗಳಿದರು. ಅವರು ಕಣ್ಣೊರೆಸಿಕೊಂಡರು. ಅವರ ಸೊಸೆ ಪ್ರೇಮಲತಾ ಮಾತ್ರ ತಲೆ ಎತ್ತಲಿಲ್ಲ.

ಅದಾದ ಮೇಲೂ ರಾಹೇಲವ್ವನನ್ನು ಯಾರೂ ಒಳಗೆ ಕರೆಯಲಿಲ್ಲ. ಚಳಿ ಹಿಡಿಯುವ ಹೊತ್ತಿಗೆ ಅವಳೂ ಹೋದಳು. ಓಣಿಯ ನಾಲ್ಕು ಜನ ನನ್ನನ್ನು ಒಯ್ಯಲು ಬಂದರು. ಗಿದ್ಯೋನಪ್ಪನವರು ಬಾಗಿಲಿಗೆ ಅಡ್ಡ ನಿಂತರು. "ವರ್ಷ ಪೂರ್ತಿ ಕರ್ತನ ಭೋಜನ ತಗೊಂಡಿಲ್ಲ. ಅಂಥವರಿಗೆ ಸಭೆಯ ಪೆಟ್ಟಿಗಿ ಇಲ್ಲ. ಕಾಯ್ದೆ ಅಂದ್ರ ಕಾಯ್ದೆ."

"ಹೊರಗ ಕೂಡಿಸಿದವರು ನೀವ ಅಲ್ರೀ?" ಎಂದ ಯೋನಪ್ಪ.

"ಸೀರಿ ಒಕ್ಕೊಂಡು ಒಳಗ ಬರಾಕ ಯಾರು ಬ್ಯಾಡ ಅಂದಿದ್ರು?"

ಬಂದವರು ಬರಿಗೈಯಲ್ಲಿ ಹಿಂತಿರುಗಿ, ಅವಳನ್ನು ಅವಳು ಮಲಗುತ್ತಿದ್ದ ಹೊರಸಿನ ಮೇಲೆಯೇ ಎತ್ತಿಕೊಂಡು ಹೊರಟರು. ಹೊರಸು ಚರ್ಚಿನ ಮುಂದೆ ಹಾದು ಹೋಗುವಾಗ ಪ್ರೇಮಲತಾ ಓಡಿ ಬಂದಳು.

"ಮಾವಾರ, ಆ ನಾತ ನಮ್ಮ ಮನೀದು. ಅಜ್ಜಿಯವರ ಬೆನ್ನಿನ ಹುಣ್ಣು ನೋಡಿದ್ರ ನನಗ ವಾಂತಿ ಬರತಿತ್ತು. ನೀವು ಹೊಸ್ತಿಲಾಚೆ ನಿಂತು ಪ್ರಾರ್ಥನಿ ಮಾಡಿ ಹೋಗ್ತಿದ್ರಿ. ನನ್ನ ಸೊಸಿ ನೋಡ್ಕೋತಾಳ ಅಂತ ಊರಿಗೆಲ್ಲ ಹೇಳ್ತಿದ್ರಿ. ದಿನಾ ಹಿತ್ತಲ ಬಾಗಿಲಿಂದ ಬಂದು ತೊಳದಾಕಿ ರಾಹೇಲವ್ವ. ಭಾನುವಾರ ತೊಳದು ಸೀದಾ ಚರ್ಚಿಗೆ ಬರತಿದ್ಲು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದು ನಾನು."

ಹೊರಸು ಕಣ್ಮರೆಯಾದ ಮೇಲೂ ಗಿದ್ಯೋನಪ್ಪನವರು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಅಲ್ಲಿದ್ದವರಿಗೆ, "ಪೆಟ್ಟಿಗಿ ಎತ್ರಿ" ಎಂದರು. ಒಂದು ತುದಿಗೆ ತಾವೇ ಹೆಗಲು ಕೊಟ್ಟು ಓಡಿದರು. ಮುದಿ ಕಾಲು, ಕಲ್ಲು ದಾರಿ. ನಾವು ಮುಟ್ಟುವಷ್ಟರಲ್ಲಿ ಯೋನಪ್ಪ ಗುದ್ದಲಿಯ ಬೆನ್ನಿನಿಂದ ಮಣ್ಣು ತಟ್ಟಿ ಸಮ ಮಾಡುತ್ತಿದ್ದ.

ಹೋಗುವಾಗಲೂ ಹಗುರ, ಬರುವಾಗಲೂ ಹಗುರ. ನನ್ನ ಬಾಳಿನಲ್ಲಿ ಅದೊಂದೇ ಸಲ.

ಗಿದ್ಯೋನಪ್ಪನವರು ತಾವು ಸಾಯುವಾಗ ನನ್ನನ್ನು ಬೇಡವೆಂದರಂತೆ. ಅವರೂ ಹೊರಸಿನ ಮೇಲೆಯೇ ಹೋದರು. ಆಮೇಲೆ ಪೇಟೆಯಿಂದ ತಂದ ಪೆಟ್ಟಿಗೆಗಳ ಕಾಲ ಬಂತು. ನಾನು ತಗಡಿನ ಕೋಣೆಯಲ್ಲಿ ಉಳಿದೆ. ಮಾವಿನ ಹಲಗೆಗೆ ಗೆದ್ದಲು ಹಿಡಿದಿದೆ. ಮಖಮಲ್ಲು ಹುಡಿಯಾಗಿದೆ. ರಾಹೇಲವ್ವ ಒರಗುತ್ತಿದ್ದ ಮಗ್ಗುಲಲ್ಲಿ ಸಾಗುವಾನಿ ಅವಳ ಬೆನ್ನಿನಷ್ಟೇ ಅಗಲಕ್ಕೆ ನುಣುಪಾಗಿದೆ.

ಹಬ್ಬಕ್ಕೆ ಸುಣ್ಣ ಬಳಿಯಲು ಬಂದವರು ನನ್ನ ಮೇಲಿನ ಧೂಳು ಒರೆಸುತ್ತಾರೆ. "ಹಳೇ ಕಾಲದ ಮಾಲು, ಇನ್ನೂ ಹೆಂಗ ಹೊಳೀತೈತಿ ನೋಡಲೇ!" ಎನ್ನುತ್ತಾರೆ.

ಮುಚ್ಚಳ ಎತ್ತಿ ನೋಡಿದವರಿಲ್ಲ.