ಎಂಜಲು ಮೈಕು

ಬಾಯಿ ತೆರೆದುಕೊಂಡೇ ಅಗಿಯುತ್ತಾನೆ, ಬೆಂದ ಮೊಟ್ಟೆಯ ಹಳದಿ ನಾಲಗೆಯ ಮೇಲೆ ಹಿಟ್ಟಾಗಿ ಹಲ್ಲಿನ ಸಂದಿಗೆ ಮೆತ್ತಿಕೊಳ್ಳುವುದೆಲ್ಲ ಕಾಣುತ್ತಿದೆ, ನೋಡಬಾರದು, ಕಿಟಕಿಯಾಚೆ ನೋಡಬೇಕು, ಕಿಟಕಿಯಾಚೆ ಸೈನೈಡ್ ದಿಬ್ಬ, ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಸುರಿದ ಪುಡಿ, ಸಂಜೆ ಬಿಸಿಲಿಗೆ ಅದೂ ಹಳದಿ, ಅದೂ ಯಾರೋ ಅಗಿದು ಉಗಿದ ಹಾಗೆ — ರೈಲು ಉರಿಗಾಂ ಬಿಟ್ಟು ಇನ್ನೂ ಓಟ ಹಿಡಿದಿಲ್ಲ, ಬಂಗಾರಪೇಟೆಯವರೆಗೂ ಈ ಬಾಯಿಯ ಎದುರೇ ಕೂತಿರಬೇಕು, ಮಂಡಿಗಳ ನಡುವೆ ನನ್ನ ಡ್ರಮ್ಮು, ಎದ್ದು ಬೇರೆ ಕಡೆ ಹೋಗುವ ಹಾಗೂ ಇಲ್ಲ. ತಗೋ ಆದಣ್ಣಾ, ಒಂದು ತಿನ್ನು, ಎನ್ನುತ್ತ ಇನ್ನೊಂದು ಮೊಟ್ಟೆ ಚಾಚುತ್ತಾನೆ, ಬಿಳಿಯ ಮೇಲೆ ಅವನ ಉಗುರಿನ ಗುರುತು, ಬ್ಯಾಡ ಅಂದೆ, ಇವತ್ತೇನ್ ಜನ ಅಣ್ಣಾ, ಏನ್ ಶಿಳ್ಳೆ, ಅನ್ನುತ್ತಾನೆ, ಹಳದಿಯ ಒಂದು ತುಣುಕು ಹಾರಿ ಡ್ರಮ್ಮಿನ ಮೇಲೆ ಬೀಳುತ್ತದೆ, ಅದನ್ನು ಬೆರಳಲ್ಲಿ ತೆಗೆಯಲೂ ನನಗೆ ಹೇಸಿಗೆ. ಆಂಜಿನಪ್ಪ ಇವನು, ನಮ್ಮ ಬ್ಯಾಂಡಿನ ಮೂರನೆಯ ಹಾಡುಗಾರ, ಪೋಸ್ಟರಿನಲ್ಲಿ ಏಂಜಲ್ ಎಂದು ಬರೆಸಿಕೊಳ್ಳಲು ಹೋದ, ಬಂಗಾರಪೇಟೆಯ ಪೇಂಟರು ದೀರ್ಘ ತೆಗೆದು ಕೊಂಬು ಕೊಟ್ಟು ಎಂಜಲು ಮಾಡಿಬಿಟ್ಟ, ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನು ನಗಲಿಲ್ಲ, ಪೇಂಟರು ಸರಿಯಾಗಿಯೇ ಬರೆದಿದ್ದ.

ನಾನು ಹಾಡುಗಾರರನ್ನು ಬಲ್ಲದ್ದು ಬೆನ್ನಿನಿಂದ, ಡ್ರಮ್ಮಿನವನಿಗೆ ಮುಖ ಎಲ್ಲಿ ಕಾಣುತ್ತದೆ, ಎಪ್ಪತ್ತೇಳರಿಂದ ಬರೀ ಬೆನ್ನು ನೋಡಿಕೊಂಡೇ ಬಾರಿಸಿದ್ದೇನೆ — ಮೊದಲನೆಯದು ಪೆರುಮಾಳಣ್ಣನ ಬೆನ್ನು, ಗಣಿಯೊಳಗೆ ಕಲ್ಲು ಕೊರೆಯುವವನ ಬೆನ್ನು, ಬಾಯಿ ಬಿಟ್ಟನೆಂದರೆ ಭುಜದ ಮೂಳೆಗಳು ಎರಡು ಕದ ತೆರೆದ ಹಾಗೆ ತೆರೆಯುತ್ತಿದ್ದವು. ಕಾಮಸಮುದ್ರದ ಕಡೆಯಿಂದ ಸೈಕಲ್ಲಿಗೆ ಕ್ಯಾನು ಕಟ್ಟಿ ಗಣಿಯ ಲೈನು ಮನೆಗಳಿಗೆ ಹಾಲು ಹಾಕುತ್ತಿದ್ದ ನನ್ನನ್ನು ಡ್ರಮ್ಮಿನ ಹಿಂದೆ ಕೂರಿಸಿದವನೇ ಅವನು, ಅವನ ಬಾಗಿಲಲ್ಲಿ ಹೆಂಡತಿ ಅಮ್ಮಾಜಮ್ಮ ಪಾತ್ರೆ ತರುವವರೆಗೂ ಖಾಲಿ ಕ್ಯಾನಿನ ಮೇಲೆ ಬೆರಳಾಡಿಸುತ್ತ ನಿಂತಿದ್ದೆ, ಒಳಗಿಂದ ಬನಿಯನ್ನಲ್ಲೇ ಬಂದು, ಏನ್ಲಾ ಪಾಲ್ಕಾರಾ, ಅದ್ನೇ ಇನ್ನೊಂದ್ಸಲ ಬಾರ್ಸು, ಅಂದ. ಗಿಟಾರಿನ ಜಯರಾಮಪ್ಪ ಬೆಂಗಳೂರಿನಿಂದ ಯಾವುಯಾವುದೋ ಕ್ಯಾಸೆಟ್ಟು ತಂದು, ಇದಕ್ಕೆ ಹೆವಿ ಮೆಟಲ್ ಅಂತಾರೆ, ಭಾರದ ಲೋಹ, ಎಂದಾಗ ಪೆರುಮಾಳಣ್ಣ, ನಾವು ದಿನಾ ಹೊರೋದು ಇನ್ನೇನಪ್ಪಾ, ಎಂದು ನಕ್ಕಿದ್ದ, ಬ್ಯಾಂಡಿಗೆ ಸೈನೈಡ್ ಹಿಲ್ ಅಂತ ಹೆಸರಿಟ್ಟವನೂ ಅವನೇ. ಅವನು ಕಟ್ಟಿದ ಹಾಡು ಕೇಜು, ಆಳುಗಳನ್ನು ಗಣಿಗೆ ಇಳಿಸುವ ಕಬ್ಬಿಣದ ಪಂಜರ, ಅದು ಇಳಿದ ಹಾಗೆ ದನಿಯೂ ಇಳಿದು ಇಳಿದು ಕತ್ತಲಾಗಿ, ಇನ್ನು ದನಿಯೇ ಇಲ್ಲ ಅನ್ನುವಾಗ ತಳದಿಂದ ಒಂದು ಕೂಗು. ಎಂಬತ್ನಾಲ್ಕರಲ್ಲಿ ಜಯರಾಮಪ್ಪನ ಮನೆಯಲ್ಲಿ ಕ್ಯಾಸೆಟ್ಟು ಮಾಡಿದಾಗ ಆ ಕೂಗಿಗೆ ಮೊದಲು ಅವನಿಗೆ ಕೆಮ್ಮು ಬಂತು, ಸಣ್ಣದೊಂದು ಒಣ ಕೆಮ್ಮು, ಅಳಿಸಿ ಮತ್ತೆ ಹಾಡು ಅಣ್ಣಾ ಅಂದರೆ, ಇರ್ಲಿ ಬಿಡಪ್ಪಾ, ಅದೂ ಗಣಿದೇ, ಅಂದ, ಉಳಿಯಿತು. ಅದು ಶುರು ಅಂತ ನಮಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, ಒಳಗೆಲ್ಲ ಕಲ್ಲಿನ ಪುಡಿ, ಹಾಡೋದಿರಲಿ, ಮೆಟ್ಟಿಲು ಹತ್ತಬೇಡ, ಅಂದರು.

ಎರಡನೆಯ ಬೆನ್ನು ಡೆನ್ಜಿಲ್‌ನದು, ಇಸ್ತ್ರಿಯ ಗೆರೆ ಕೆಡದ ಬೆನ್ನು, ಎರಡು ಗಂಟೆ ಹಾಡಿದರೂ ಒಂದು ಹನಿ ಬೆವರಿಲ್ಲ, ಇಂಗ್ಲಿಷು ಅವನ ಮನೆಮಾತು, ದನಿ ತೊಳೆದಿಟ್ಟ ತಟ್ಟೆ, ಅದರಲ್ಲಿ ಅನ್ನವೇ ಇಲ್ಲ. ಪೆರುಮಾಳಣ್ಣ ಹಿಡಿದಿದ್ದ ಮೈಕನ್ನು ಸೆಂಟು ಹಾಕಿದ ಕರ್ಚೀಫಿನಲ್ಲಿ ಒರೆಸಿ ಒರೆಸಿ ಹಿಡಿಯುತ್ತಿದ್ದ, ಹಾಡುವ ಮುಂಚೆ ಉಪ್ಪುನೀರು ಮುಕ್ಕಳಿಸಿ ಪರದೆಯ ಹಿಂದಿನ ಮಗ್ಗಿಗೆ ಉಗಿಯುವನು, ಆ ಮಗ್ಗು ಚೆಲ್ಲಲು ಮಾತ್ರ ಬೇರೆಯವರು ಬೇಕು, ಕೇಜು ಹಾಡನ್ನು ಅವನು ಹಾಡಿದರೆ ಹೋಟೆಲಿನ ಲಿಫ್ಟು ಇಳಿದ ಹಾಗಿರುತ್ತಿತ್ತು. ಕೊನೆಗೆ ಮದ್ರಾಸಿನ ಹೋಟೆಲಿಗೇ ಹೋದ. ಆದರೂ ಅವನು ವಾಸಿ, ಅವನಿಗೆ ಪೆರುಮಾಳಣ್ಣ ಬೇಕಿರಲಿಲ್ಲ, ಅವನನ್ನು ಒರೆಸಿ ಹಾಕಿದ ಅಷ್ಟೇ, ನೆಕ್ಕಲಿಲ್ಲ — ಇವನಿದ್ದಾನಲ್ಲ, ಈ ಆಂಜಿನಪ್ಪ, ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಪಕ್ಕ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವವನು, ನಮ್ಮ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ಕೇಳಿ ಪೆರುಮಾಳಣ್ಣ ಉಸಿರೆಳೆಯುವುದನ್ನೂ ಬಾಯಿಪಾಠ ಮಾಡಿದವನು, ಅಕ್ಕನ ಚೌರಿಯನ್ನು ಉದ್ದ ಕೂದಲಿನ ಹಾಗೆ ತಲೆಗೆ ಕಟ್ಟಿಕೊಂಡು ಬಂದ, ಬೆವರಿಗೆ ಅದು ಶರ್ಟಿಗೆ ಅಂಟಿಕೊಂಡು ಹರಳೆಣ್ಣೆ ವಾಸನೆ ನನ್ನವರೆಗೂ ಬರುತ್ತದೆ. ಮೊದಲ ದಿನವೇ ಕೇಜು ಹಾಡಿದ, ಕೂಗಿಗೆ ಮುಂಚೆ ಕೆಮ್ಮಿದ. ಕೆಮ್ಮನ್ನೂ ಕಲಿತಿದ್ದ! ನನ್ನ ಕೈಯಿಂದ ಕೋಲು ಜಾರಿತು, ಜನ ಹುಚ್ಚೆದ್ದು ಕುಣಿದರು, ಆಮೇಲಿನಿಂದ ಎಲ್ಲಿ ಹೋದರೂ ಕೆಮ್ಮು, ಕೆಮ್ಮು ಎಂದು ಕೂಗುತ್ತಾರೆ, ಅದನ್ನ ತೆಗೀರಿ ಅಂತ ಎಷ್ಟು ಹೇಳಿದರೂ ಜಯರಾಮಪ್ಪ, ಜನಕ್ಕೆ ಅದೇ ಬೇಕಲ್ಲಪ್ಪಾ ಆದೀ, ನಾವೇನ್ ಮಾಡಾಣ, ಅನ್ನುತ್ತಾನೆ. ಆ ಕೆಮ್ಮಿನ ಮನೆಗೆ ಬೆಳಗಾದರೆ ಹಾಲು ಹಾಕುವವನು ನಾನು, ಆಚೆ ನಿಂತು ನಿಜವಾದದ್ದನ್ನು ಕೇಳಿ, ಸಂಜೆ ಇದನ್ನು ಕೇಳಬೇಕು.

ಇವತ್ತು ಮಧ್ಯಾಹ್ನ ಉರಿಗಾಂನ ಸಭಾಂಗಣದ ಕಾರ್ಯಕ್ರಮಕ್ಕೆ ಜಯರಾಮಪ್ಪ ಪೆರುಮಾಳಣ್ಣನನ್ನೇ ಕರೆಸಿದ, ಹಳೇ ಹಾಡುಗಾರರಿಗೆ ಹಾರ ಹಾಕಾಣ ಅಂತ, ನಾನು ಬೇಡವೆಂದೆ, ಯಾಕಪ್ಪಾ, ನೋಡ್ಲಿ, ಕುಸಿಪಡ್ಲಿ, ಅಂದ. ಕೆಮ್ಮು ಬಿಟ್ಬಿಡು ಇವತ್ತೊಂದು ದಿನ, ಎಂದು ಆಂಜಿನಪ್ಪನಿಗೆ ಕೈ ಮುಗಿಯುವುದೊಂದು ಬಾಕಿ, ಆಗ್ಲಿ ಅಣ್ಣಾ, ಅಂದಿದ್ದ. ಮುಂದಿನ ಸಾಲಿನಲ್ಲಿ ಪೆರುಮಾಳಣ್ಣ, ಒಗೆದ ಬಿಳಿ ಶರ್ಟು, ಅದರೊಳಗೆ ಅವನು ಎಲ್ಲಿದ್ದಾನೆಂದು ಹುಡುಕಬೇಕು, ಪಕ್ಕದಲ್ಲಿ ಅಮ್ಮಾಜಮ್ಮ, ನೀರಿನ ಚೊಂಬು ಮಡಿಲಲ್ಲಿ. ಕೇಜು ಶುರುವಾಯಿತು, ದನಿ ಇಳಿಯಿತು, ಹಿಂದಿನ ಸಾಲಿನವರು ಕೆಮ್ಮು, ಕೆಮ್ಮು ಅಂದರು, ಆಂಜಿನಪ್ಪನ ಬೆನ್ನು ಒಂದು ಸಲ ತಡೆದುಕೊಂಡಿತು, ನೋಡಿದೆ, ಚೌರಿ ಅಲುಗಿತು — ಕೆಮ್ಮಿದ, ಎದೆಯ ಮೇಲೆ ಕೈ ಬೇರೆ ಇಟ್ಟುಕೊಂಡು. ನಾನು ನಿಲ್ಲಿಸಿದೆ. ಎರಡು ಕೋಲನ್ನೂ ನೆಲಕ್ಕೆ ಹಾಕಿದೆ, ಏನ್ಲಾ ಆದೀ, ಬಾರ್ಸೋ, ಎಂದು ಜಯರಾಮಪ್ಪ ಹಲ್ಲು ಕಚ್ಚಿ ಹೇಳಿದ, ನಾನು ಕೂತೇ ಇದ್ದೆ. ಆಗ ಪೆರುಮಾಳಣ್ಣ ಎದ್ದ. ಅಮ್ಮಾಜಮ್ಮ ಶರ್ಟು ಹಿಡಿದು ಎಳೆದರೂ ಕೇಳದೆ ಒಂದೊಂದೇ ಮೆಟ್ಟಿಲು ಹತ್ತಿದ, ಹೊಡೀತಾನೆ, ಇವನ ಕೆನ್ನೆಗೆ ಬಾರಿಸ್ತಾನೆ, ಬಾರಿಸಲಿ ಸ್ವಾಮೀ ಅಂದುಕೊಂಡೆ. ಅವನು ಮೈಕು ತೆಗೆದುಕೊಂಡ. ಅಂಗಲ್ಲ ತಂಬೀ, ಅಂದ, ಅಂಗಲ್ಲ, ನೀನು ಗಂಟ್ಲಲ್ಲಿ ಕೆಮ್ತೀಯ, ಇದು ಗಂಟ್ಲುದಲ್ಲ, ಡ್ರಮ್ಮಿನ ಏಟು ಬಿದ್ಮೇಲೂ ಅಲ್ಲ, ಎರಡು ಏಟಿನ ನಡುವೆ, ಕೇಜು ತಳ ಮುಟ್ಟಿದಾಗ, ನೋಡು. ಕೆಮ್ಮಿದ. ಆ ಸಣ್ಣ ಒಣ ಕೆಮ್ಮೇ ಬಂತು, ಕ್ಯಾಸೆಟ್ಟಿನದೇ, ಸಭಾಂಗಣ ಶಿಳ್ಳೆಗೆ ಸಿಡಿಯಿತು, ಅದರ ಹಿಂದೆಯೇ ಇನ್ನೊಂದು ಬಂತು, ಅದು ಅವನು ಕರೆದದ್ದಲ್ಲ, ಮತ್ತೊಂದು, ಮತ್ತೊಂದು, ನಿಲ್ಲಲಿಲ್ಲ, ಸ್ಪೀಕರುಗಳಲ್ಲಿ ಅವನ ಎದೆಯೊಳಗಿನ ಕಲ್ಲುಗಳೆಲ್ಲ ಉರುಳಿದವು, ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು, ಹಾಡಿನದೇ ಅಂದುಕೊಂಡರು ಹಂದಿಗಳು, ಆಂಜಿನಪ್ಪ ತುಟಿ ಅಲುಗಿಸುತ್ತ ಅವನ ಎದೆಯನ್ನೇ ನೋಡುತ್ತಿದ್ದ, ಕಲಿಯುತ್ತಿದ್ದ. ಪೆರುಮಾಳಣ್ಣ ನನ್ನ ಕಡೆ ತಿರುಗಿದ, ಮೈಕು ಹಿಡಿದ ಅವನ ಮುಖವನ್ನು ಮೊದಲ ಸಲ ನೋಡಿದೆ, ಬಾಯಿಯ ಅಂಚಿನಲ್ಲಿ ನೊರೆ, ಕಣ್ಣಲ್ಲಿ ನೀರು, ಬಲಗೈ ಎತ್ತಿ ತಾಳ ಹಾಕತೊಡಗಿದ, ಬಾರಿಸು ಅಂತ, ಕೆಮ್ಮುತ್ತಲೇ, ನಿಲ್ಲಿಸಬೇಡ ಅಂತ. ಬಗ್ಗಿ ಕೋಲು ತೆಗೆದುಕೊಂಡೆ. ಬಾರಿಸಿದೆ.

ಆಮೇಲೆ ಅವನನ್ನು ಎತ್ತಿ ಕುರ್ಚಿಗೆ ಕೂರಿಸಿದೆವು, ಉಸಿರು ತಿರುಗಿತು, ಚೆನ್ನಾಗ್ ಬಾರಿಸ್ದೆ ಪಾಲ್ಕಾರಾ, ಅಂದ, ನಗಲು ನೋಡಿದ, ಅಮ್ಮಾಜಮ್ಮ ಸೆರಗಿನಲ್ಲಿ ಅವನ ಗಲ್ಲ ಒರೆಸುತ್ತ ನನ್ನ ಮುಖ ನೋಡದೆಯೇ, ನಾಳೆಯಿಂದ ಆಲು ತರಬ್ಯಾಡ ಆದೀ, ಅಂದಳು, ಅಕ್ಕಾ ಅಂದೆ, ನೀನೂ ಬರಬ್ಯಾಡ, ಅಂದಳು. ಆಟೋದಲ್ಲಿ ಕರೆದುಕೊಂಡು ಹೋದಳು. ಜಯರಾಮಪ್ಪ ಇಂಥಾ ಕಾರ್ಯಕ್ರಮ ಆಗೇ ಇರಲಿಲ್ಲ ಎನ್ನುತ್ತ ಯಾರದೋ ಕೈ ಕುಲುಕುತ್ತಿದ್ದ. ರೈಲು ಕೋರಮಂಡಲ್ ದಾಟಿತು, ಆಂಜಿನಪ್ಪ ಪ್ಯಾಂಟಿಗೆ ಕೈ ಒರೆಸಿಕೊಂಡು ಕಿಟಕಿಯ ಕಡೆ ತಿರುಗುತ್ತಾನೆ, ಚಕ್ರದ ಸದ್ದಿನ ಜೊತೆ ಮೊಣಕಾಲು ಕುಣಿಸುತ್ತಾನೆ, ಕೆಮ್ಮುತ್ತಾನೆ, ಮೆಲ್ಲಗೆ, ಮತ್ತೊಂದು ಸಲ, ಎರಡು ಏಟಿನ ನಡುವೆ, ಹೊಟ್ಟೆಯ ತಳದಿಂದ. ನಿಲ್ಸೋ ಅಂದೆ. ಸರಿಯಾಗ್ ಬಂತಾ ಅಣ್ಣಾ, ಕೇಳುತ್ತಾನೆ, ಕಣ್ಣರಳಿಸಿಕೊಂಡು. ಸರಿಯಾಗಿ ಬಂದಿತ್ತು, ಒಂದು ಎಳೆ ಹೆಚ್ಚಿಲ್ಲ ಕಡಿಮೆಯಿಲ್ಲ, ಇನ್ನು ಪೆರುಮಾಳಣ್ಣ ಬೇಕಾಗಿಯೇ ಇಲ್ಲ — ಇನ್ನು ಬಾರಿಸುವುದಿಲ್ಲ, ಬಂಗಾರಪೇಟೆಯಲ್ಲಿ ಇಳಿದು ಈ ಡ್ರಮ್ಮು ಇವನ ಮುಂದೆಯೇ ಇಟ್ಟು ಹೋಗುತ್ತೇನೆ, ಬಸ್ಸು ಹಿಡಿದು ಊರಿಗೆ, ಹಸುಗಳಿಗೆ ನೀರು ಇಡಬೇಕು, ಎರಡು ಕೈಗೂ ಬೇರೆ ಕೆಲಸ ಕೊಡಬೇಕು, ಆದರೆ ಆ ಕೈ, ಬಿಳಿ ಶರ್ಟಿನ ತೋಳಿನೊಳಗಿಂದ ಎದ್ದ ಆ ಒಣಗಿದ ಕೈ, ಮೇಲೆ, ಕೆಳಗೆ, ಉಸಿರಿಲ್ಲದೆ ಬಾಗಿದ ಮೈಯ ಮೇಲೆ ಅದೊಂದೇ ನೆಟ್ಟಗೆ, ಬೋಗಿಗಳೆಲ್ಲ ಅದಕ್ಕೇ ತಾಳ ಕೊಡುತ್ತಿವೆ, ಆ ಕೈ, ಮೇಲೆ, ಕೆಳಗೆ, ಬಾರಿಸು ಅಂತ, ಮೇಲೆ