ನೂರಹತ್ತರ ಗೆರೆ

ಟ್ಯಾಕ್ಸಿ ಎಡಕ್ಕೆ ವಾಲಿದೆ, ವಾಲದೆ ಏನು ಮಾಡೀತು, ಎಡಗಡೆ ಕೂತವಳು ತಾನು, ಸಯನ್ ಸರ್ಕಲ್ಲಿನ ತಿರುವಿನಲ್ಲಿ ಕಿಟ್ಟು ರೆಕ್ಸಿನ್ ಸೀಟಿನ ಮೇಲೆ ಜಾರಿಕೊಂಡು ಬಂದು ಅವಳ ತೋಳಿಗೆ ಢಿಕ್ಕಿ ಹೊಡೆದ, ಸಾರಿ ಅಂದ, ಇಪ್ಪತ್ತು ವರ್ಷ ಬಾಳಿದ ಹೆಂಡತಿಗೆ ಸಾರಿ ಅನ್ನುವ ಗಂಡಸು ಈ ಊರಲ್ಲಿ ಇನ್ನೊಬ್ಬ ಸಿಕ್ಕಾನೆಯೆ — ರಮಾಮಣಿಗೆ ನಗು ಉಕ್ಕಿತು, ನಗಬಾರದು, ನಕ್ಕರೆ ಒಳಗಿನ ನೀರು ತುಳುಕುತ್ತದೆ, ಹೊರಡುವ ಮುಂಚೆ ಒಂದು ಕೂಜ ಪೂರ್ತಿ ಕುಡಿಸಿದ್ದಾನೆ, ನೀರು ಲೀಟರಿಗೆ ಒಂದು ಕಿಲೋ ಕಣೇ ರಮಾ, ಸೈನ್ಸ್ ಮೇಷ್ಟರ ಹೆಂಡತಿಯಾಗಿ ಅಷ್ಟೂ ಗೊತ್ತಿಲ್ವ, ಗೊತ್ತಿದೆ, ಆ ಕಿಲೋ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ಮಾತ್ರ ಮೇಷ್ಟರಿಗೆ ಗೊತ್ತಿಲ್ಲ, ರಸ್ತೆಯ ಒಂದೊಂದು ಗುಂಡಿಗೂ ಅದು ಕೆಳಕ್ಕೆ ಇಳಿಯುತ್ತಿದೆ. ಇವತ್ತು ವಿಮೆ ಆಫೀಸಿನಲ್ಲಿ ತೂಗುವಾಗ ನೂರಹತ್ತು ಕಿಲೋ ಇದ್ದರೆ ಹೊಟ್ಟೆಯ ಆಪರೇಷನ್ನಿನ ಖರ್ಚು ವಿಮೆಯವರದು, ಗೆರೆಗಿಂತ ಒಂದಿಷ್ಟು ಕೆಳಗಿದ್ದರೂ ಅವರು ಕೈ ಚಾಚುವುದಿಲ್ಲ, ಅದೇ ನಿಯಮ, ಯಾರು ಬರೆದರೋ ಪುಣ್ಯಾತ್ಮರು, ದಪ್ಪಗಿರುವವರಿಗೆ ಇಷ್ಟು ದಪ್ಪ ಸಾಲದು ಅನ್ನುವ ನಿಯಮ. ವಿದೇಶದಲ್ಲಿ ಕಲಿತು ಬಂದ ಸರ್ಜನ್ನು ಎಷ್ಟು ಸಲೀಸಾಗಿ ವಿವರಿಸಿದ್ದರು, ಕಾಗದದ ಕಟ್ಟಿಗೆ ಪಿನ್ ಹೊಡೆದ ಹಾಗೆ ಹೊಟ್ಟೆಗೂ ಸಾಲಾಗಿ ಪಿನ್ ಹೊಡೀತೀನಿ, ಆಮೇಲೆ ಅರ್ಧ ಇಡ್ಲಿ ತಿಂದರೂ ಸಾಕಪ್ಪಾ ಅನ್ನಿಸತ್ತೆ, ಅಲ್ಲಿವರೆಗೆ ನೀವೂ ಸ್ವಲ್ಪ ಇಳಿಸಿ ಅಂದಿದ್ದರು, ಆವತ್ತು ಅವಳು ನೂರಹನ್ನೊಂದು ಇದ್ದಳು, ಹೇಳಿದ ಮಾತು ಕೇಳುವುದು ಸಣ್ಣಂದಿನಿಂದ ಬಂದ ರೋಗ, ಸಾಯಂಕಾಲದ ತಿಂಡಿ ಬಿಟ್ಟಳು, ಫೈವ್ ಗಾರ್ಡನ್ಸ್ ಪಾರ್ಕು ಸುತ್ತಿದಳು, ನೂರ ಏಳಕ್ಕೆ ಬಂದು ಹೆಮ್ಮೆಯಿಂದ ಆಫೀಸಿನವರಿಗೆಲ್ಲ ಪೇಢಾ ಹಂಚಿದಳು, ತಾನೊಂದೂ ಬಾಯಿಗಿಡಲಿಲ್ಲ — ಆ ವಾರವೇ ಆಸ್ಪತ್ರೆಯ ಕಾಗದ ನೋಡಿ ವಿಮೆಯವರ ಫೋನು, ಹದಿನೈದು ದಿನ ಬಿಟ್ಟು ಬನ್ನಿ ನಾವೇ ತೂಗ್ತೀವಿ, ಈಗ ಮೇಡಂ ನೀವು ಕಮ್ಮಿ ಇದ್ದೀರಿ. ಜೀವಮಾನದಲ್ಲಿ ಯಾರೂ ಅವಳಿಗೆ ಆಡದಿದ್ದ ಮಾತು. ಕಂಪನಿಯ ಟೆಲಿಫೋನ್ ಬೋರ್ಡಿನಲ್ಲಿ ಕೂತು ದಿನವಿಡೀ ದೊಡ್ಡವರಿಂದ ದೊಡ್ಡವರಿಗೆ ಲೈನು ಕೊಡುವವಳು, ದೆಹಲಿ ಆಫೀಸಿನವರು ಅವಳ ದನಿ ಕೇಳಿ ಬಳುಕುವ ಬಳ್ಳಿಯೊಂದನ್ನು ಊಹಿಸಿಕೊಂಡಿದ್ದರಂತೆ, ಒಮ್ಮೆ ಒಬ್ಬಾತ ಮುಂಬಯಿಗೆ ಬಂದವನು ಬೋರ್ಡಿನ ಮುಂದೆ ನಿಂತು ಅವಳನ್ನೇ ಕೇಳಿದ್ದ, ರಮಾಮಣಿ ಎಲ್ಲಿ, ಊಟಕ್ಕೆ ಹೋಗಿದ್ದಾಳೆ ಅಂದುಬಿಟ್ಟಿದ್ದಳು, ಆ ದಿನವೂ ನಕ್ಕಿದ್ದಳು, ಮನೆಗೆ ಬಂದು ಕಿಟ್ಟುವಿಗೆ ಹೇಳುವಾಗ ಮಾತ್ರ ನಗು ಬರಲಿಲ್ಲ.

ಕಿಂಗ್ಸ್ ಸರ್ಕಲ್, ಮಲ್ಲಿಗೆ, ಕಾಫಿಪುಡಿ ಹುರಿಯುವ ವಾಸನೆ, ಅಯ್ಯೋ ಬೇಡ, ತಿನ್ನುವುದರ ಯಾವ ವಾಸನೆಯೂ ಬೇಡ, ಹದಿನೈದು ದಿನದಿಂದ ತಿಂದಿದ್ದಾಳೆ, ತಿನ್ನಬೇಡ ಅಂತ ಬಾಯಿ ಬಡಕೊಂಡವರೆಲ್ಲ ತಿನ್ನು ತಿನ್ನು ಅನ್ನುವ ಕಾಲ ಬರುತ್ತದೆಂದು ಯಾವ ಜೋಯಿಸನೂ ಹೇಳಿರಲಿಲ್ಲ. ಮೊದಲೆರಡು ದಿನ ಸ್ವರ್ಗ. ಎದುರು ಮನೆಯ ಸೇವಂತಿ, ಅವಳ ಗಂಡ ಶೇಖರನದು ಮಾಟುಂಗದಲ್ಲಿ ಸಣ್ಣ ಹೋಟೆಲು, ಪತ್ರೊಡೆ ತಂದಳು, ಗೋಳಿಬಜೆ ತಂದಳು, ತಿನ್ನಿ ಮಾರಾಯ್ರೆ, ವಿಮೆ ಕಂಪನಿಯವರೇ ತಿನ್ನಿ ಅಂತ ಹೇಳುವಾಗ ನಿಮಗೆಂತ ಬೇಜಾರು, ಕಿಟ್ಟು ಸ್ಕೂಲಿನಿಂದ ಬರುತ್ತ ಬಾದಾಮಿ ಹಲ್ವ ತಂದ, ತುಪ್ಪ ಸೋರಿ ಕಾಗದ ಕನ್ನಡಿಯಾಗಿತ್ತು, ಮುಚ್ಚುಮರೆಯಿಲ್ಲದೆ, ಬಾಗಿಲು ತೆರೆದಿಟ್ಟುಕೊಂಡು, ದೀಪ ಹಚ್ಚಿಕೊಂಡು ತಿಂದಳು, ನಲವತ್ತಾರು ವರ್ಷದಲ್ಲಿ ಮೊದಲನೇ ಸಲ ಯಾರೂ ತಟ್ಟೆ ನೋಡಿ ಕಣ್ಣು ಹೊರಳಿಸದ ಊಟ. ಮೂರನೇ ದಿನ ನಾಲಿಗೆಗೆ ಏನಾಯಿತೋ, ಹಲ್ವ ಮೇಣದ ಹಾಗೆ, ವಾರ ಕಳೆಯುವ ಹೊತ್ತಿಗೆ ದೋಸೆ ಕಂಡರೆ ಮನೆಪಾಠದ ಸ್ಲೇಟು ಕಂಡ ಹಾಗೆ, ಕದ್ದು ತಿಂದ ಕೋಡುಬಳೆಗಿದ್ದ ರುಚಿ ಹುಕುಂ ಮೇರೆಗೆ ತಿಂದದ್ದಕ್ಕೆ ಇಲ್ಲ. ಅದೂ ಅಲ್ಲದೆ ತೂಗಬೇಕು, ದಿನಾ ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಯಂತ್ರವಿಟ್ಟು, ನೈಟಿಯಲ್ಲಿ ಅವಳು ಮೇಲೆ ನಿಂತರೆ ಮುಳ್ಳು ಅವಳಿಗೆ ಕಾಣುವುದಿಲ್ಲ, ನಡುವೆ ಹೊಟ್ಟೆ ಅಡ್ಡ, ಕಿಟ್ಟು ಕುಕ್ಕರಗಾಲಲ್ಲಿ ಕೂತು ಅವಳ ಪಾದಗಳ ನಡುವೆ ತಲೆ ಬಗ್ಗಿಸಿ ಓದುತ್ತಾನೆ, ನೂರ ಏಳೂವರೆ, ನೂರ ಎಂಟು, ಅವನೇನೋ ಮುಳ್ಳು ನೋಡುತ್ತಾನೆ, ಅವಳಿಗೆ ಕಾಣುವುದು ಅವನ ನೆತ್ತಿ, ನೆತ್ತಿಯ ನಡುವೆ ಕೂದಲು ಉದುರಿ ಸಂಡಿಗೆಯಷ್ಟಗಲದ ನುಣ್ಣನೆ ಜಾಗ — ಅವಳಿಗಿಂತ ಗೇಣುದ್ದ ಎತ್ತರದ ಗಂಡ, ಇಷ್ಟು ವರ್ಷ ಅದನ್ನು ಕಂಡೇ ಇರಲಿಲ್ಲ, ಯಾವಾಗ ಉದುರಿತು, ಯಾವ ಚಿಂತೆಗೆ. ಇವತ್ತು ಬೆಳಗ್ಗೆ ಆ ನೆತ್ತಿ ಎಷ್ಟು ಹೊತ್ತಾದರೂ ಮೇಲೇಳಲಿಲ್ಲ, ನೂರ ಒಂಬತ್ತು ಕಣೇ, ಅಂದ, ಆಮೇಲೇ ಕೂಜ ತಂದದ್ದು. ಸೇವಂತಿಯದು ಇನ್ನೂ ಭಾರಿ ಉಪಾಯ, ನಮ್ಮ ಹೋಟೆಲಿನ ಕಬ್ಬಿಣದ ತೂಕದ ಕಲ್ಲು ಉಂಟಲ್ಲ, ಎರಡು ಕಿಲೋದ್ದು, ಲಂಗದ ಒಳಗೆ ಕಟ್ಟಿಕೊಳ್ಳಿ ಮಾಮಿ, ಯಾರು ಬಿಚ್ಚಿ ನೋಡ್ತಾರೆ, ರಮಾಮಣಿ ಅದನ್ನು ಕೈಯಲ್ಲಿ ಹಿಡಿದೂ ನೋಡಿದಳು, ತಣ್ಣಗಿತ್ತು, ಬೇಡ ಸೇವಂತಿ ಅಂದಳು, ಕಬ್ಬಿಣವನ್ನು ಸೊಂಟಕ್ಕೆ ಕಟ್ಟಿಕೊಂಡು ಪಡೆದ ಆಪರೇಷನ್ ಮೈಗೆ ಹತ್ತೀತೆ, ನೀರಾದರೆ ಬೇರೆ, ನೀರು ಕುಡಿಯುವುದು ಸುಳ್ಳಲ್ಲ, ಯಾರು ಬೇಕಾದರೂ ಕುಡಿಯುತ್ತಾರೆ, ಸುಳ್ಳಲ್ಲ ಅಲ್ಲವೆ.

ಪರೇಲಿನ ವಿಮೆ ಆಫೀಸು ಮೂರನೇ ಮಹಡಿ, ನಾಲ್ಕು ಜನದ ಲಿಫ್ಟಿಗೆ ಲಿಫ್ಟಿನವನು ಅವರಿಬ್ಬರನ್ನೇ ಹತ್ತಿಸಿ ಬಾಗಿಲೆಳೆದ, ಹೊರಗೆ ಉಳಿದವರು ಮೆಟ್ಟಿಲ ಕಡೆ ತಿರುಗಿದರು, ಲೋಕಲ್ ಟ್ರೈನಿನಲ್ಲೂ ಹಾಗೇ, ಮೂವರ ಸೀಟಿಗೆ ನಾಲ್ಕನೆಯವಳು ಬಂದು ಥೋಡಾ ಸರ್ಕೋ ಅನ್ನುವುದು ಈ ಊರಿನ ಧರ್ಮ, ಅವಳು ಕೂತ ಸೀಟಿನ ಹತ್ತಿರ ಬಂದವರು ಮಾತ್ರ ನೋಡಿ ಸುಮ್ಮನೆ ಮುಂದೆ ಹೋಗುತ್ತಾರೆ, ಆಪರೇಷನ್ ಆಗಲಿ, ಆಮೇಲೆ ಯಾರಾದರೂ ಒಬ್ಬಳು ಸರ್ಕೋ ಅನ್ನಲಿ, ಸರಿದು ಕೂರುತ್ತೇನೆ, ಎಷ್ಟು ಬೇಕಾದರೂ ಸರಿಯುತ್ತೇನೆ. ಡಾಕ್ಟರ್ ಸಾಹೇಬ್ರು ಊಟಕ್ಕ ಹೋಗ್ಯಾರ್ರಿ ಅಕ್ಕಾರ, ಕುಂದರ್ರಿ — ಬಾಗಿಲಲ್ಲಿದ್ದ ಜವಾನ ಮರೆಪ್ಪ, ಕನ್ನಡ ಕೇಳಿ ಮುಖವರಳಿಸಿಕೊಂಡು ಬಂದವನು, ಚಾ ತರಲೇನ್ರಿ, ಬೇಡಪ್ಪಾ, ಇನ್ನು ಒಂದು ತೊಟ್ಟೂ ಹಿಡಿಸುವುದಿಲ್ಲ. ಬೆಂಚು. ಫ್ಯಾನು. ಯಾವುದೋ ನಲ್ಲಿ ಟಪಟಪ ತೊಟ್ಟಿಕ್ಕುತ್ತಿದೆ, ಶತ್ರುವಿನ ಹಾಗೆ, ಕಾಲ ಮೇಲೆ ಕಾಲು ಹಾಕಲು ಬರದ ತೊಡೆಗಳು, ಹಾಕಿದ್ದರೆ ತಡೆಯಬಹುದಿತ್ತೇನೋ, ಬೇರೆ ಏನಾದರೂ ನೆನೆಯಬೇಕು, ಅಮ್ಮನನ್ನು — ಅಮ್ಮ ಅಲಮೇಲು, ಮೈಸೂರಿನಲ್ಲಿ, ಸಕ್ಕರೆ ಕಾಯಿಲೆಗೆ ಮೊದಲು ಕಾಲ್ಬೆರಳು ಹೋಯಿತು, ಆಮೇಲೆ ಮೊಣಕಾಲಿನವರೆಗೆ, ಆಮೇಲೂ ರಮಾ ಕಾಲು ಕಡೀತಿದೆ ಸ್ವಲ್ಪ ತುರಿಸೇ ಅನ್ನುತ್ತಿದ್ದಳು, ಇಲ್ಲದ ಕಾಲು, ಹಾಸಿಗೆಯ ಬರಿದಾದ ಜಾಗವನ್ನೇ ರಮಾಮಣಿ ಕೆರೆಯುತ್ತಿದ್ದಳು, ಹಾಂ ಈಗ ಹಾಯಾಯ್ತು ಅನ್ನುತ್ತಿದ್ದಳು ಅಮ್ಮ, ಹೋದ ದಸರೆಯಲ್ಲಿ ಇವಳ ರಕ್ತದಲ್ಲೂ ಅದೇ ಸಕ್ಕರೆ ಸಿಕ್ಕಿತಲ್ಲ, ರಿಪೋರ್ಟು ತಂದ ದಿನ ಕಿಟ್ಟು ಅವಳ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ರೇಡಿಯೋ ಕೇಳಿದ, ಬಹುಶಃ ಅವತ್ತಿನಿಂದಲೇ ಆ ನೆತ್ತಿ — ರೀ, ಆಗಲ್ಲ ರೀ. ಇನ್ನೊಂಚೂರು ತಡ್ಕೋ ರಮಾ, ಬಂದೇಬಿಡ್ತಾರೆ. ಆಗಲ್ಲ ಅಂದ್ರೆ ಆಗಲ್ಲ. ಎದ್ದಳು, ಮರೆಪ್ಪ ತೋರಿಸಿದ ಕಡೆಗೆ ಮೊಣಕಾಲು ನೋವನ್ನೂ ಮರೆತು ನಡೆದಳು, ಬಾಗಿಲು ಹಾಕಿಕೊಂಡಳು, ಹೋಯಿತು, ಮೇಷ್ಟರ ಲೀಟರುಗಳೆಲ್ಲ ಹೋದವು, ಆಹಾ ಎಂಥ ಸುಖ, ಸ್ವರ್ಗ ಅಂದರೆ ಹಲ್ವ ಅಲ್ಲ ಇದು, ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು, ಇಷ್ಟು ದಿನದ ಪಾಡೆಲ್ಲ ನೀರಿಗೆ ನೀರಾಗಿ ಹೋಯಿತಲ್ಲ. ತಿರುಗಿ ಬಂದಾಗ ಕಿಟ್ಟು ಮುಖ ನೋಡಿದ, ತಿಳಿದುಕೊಂಡ, ಬೆಂಚಿನಲ್ಲಿ ಸರಿದು ಜಾಗ ಮಾಡಿದ. ವಾಪಸ್ ಹೋಗೋಣ್ವ, ಅಂದಳು. ಯಂತ್ರದ ಮೇಲೆ ನಿಂತು ನೋಡು ರಮಾ, ಅಂದ, ವಿಮೆಯವರು ಕೊಡ್ಲಿ ಬಿಡ್ಲಿ ಆಪರೇಷನ್ ಮಾಡಿಸೇ ಮಾಡಿಸ್ತೀನಿ, ಮನೆಪಾಠ ಹೇಳ್ತೀನಿ, ಅತ್ತೆಯವರ ಕಾಲಿಗೆ ಆದ ಹಾಗೆ ನಿನಗೆ ಆಗಲು ಬಿಡಲ್ಲ ನಾನು.

ಬಿಡಲ್ಲ ನಾನು — ಕಿವಿಯಲ್ಲಿ ಅದೇ ಗುಂಯ್‌ಗುಡುತ್ತಿರುವಾಗ ಡಾಕ್ಟರು ಬಂದರು, ಮುದುಕರು, ಸೊಂಟಕ್ಕೆ ಪಟ್ಟಿ, ಯಾ ಬಾಯಿ, ಚಪ್ಪಲ್ ಕಾಢಾ, ಅಂದರು ಮರಾಠಿಯಲ್ಲಿ, ಚಪ್ಪಲಿ ಬಿಟ್ಟಳು, ಮೊಣಕಾಲಿನ ಎಕ್ಸ್‌ರೇ ನೋಡಿದರು, ಸಕ್ಕರೆ ಕೇಳಿದರು, ಆಮೇಲೆ ಮೂಲೆಯ ಯಂತ್ರದ ಕಡೆ ಕೈ ತೋರಿಸಿದರು, ತಣ್ಣನೆಯ ತಗಡು, ಬಲಗಾಲು, ಎಡಗಾಲು, ಅಲ್ಲಾಡಬೇಡಿ ಅನ್ನುತ್ತಿದ್ದಾರೆ, ಅಲ್ಲಾಡುತ್ತಿರುವುದು ಎದೆ, ಅದನ್ನು ಹೇಗೆ ನಿಲ್ಲಿಸಲಿ, ಕಿಟ್ಟು ಆಗಲೇ ಅಭ್ಯಾಸಬಲದಿಂದ ಕುಕ್ಕರಿಸಿದ್ದ, ಡಾಕ್ಟರು ಕನ್ನಡಕ ಮೂಗಿಗೆ ಜಾರಿಸಿ, ಸೊಂಟ ಹಿಡಿದುಕೊಂಡು ಅವನ ಹೆಗಲ ಮೇಲಿಂದ ಬಗ್ಗಿದರು, ಬಗ್ಗಿಯೇ ಇದ್ದರು, ಏಕಶೇ ದಹಾ, ಅಂದರು, ನೂರಹತ್ತು, ಆಣಿ ಥೋಡಂ ವರ್, ಮೇಲೆ ಸ್ವಲ್ಪ — ಸೀರೆಯೋ, ಬೆಳಗ್ಗೆ ತೂಗಿದ ಮೇಲೆ ತಿಂದ ಉಪ್ಪಿಟ್ಟೋ, ಇಲ್ಲಿಯ ಮುಳ್ಳೇ ಧಾರಾಳದ್ದೋ, ಏನೇ ಇರಲಿ ನೀರಲ್ಲ, ನೀರು ಹೋಯಿತು, ಇದು ನೀರಲ್ಲ, ನಾನು, ಡಾಕ್ಟರು ಮೇಜಿಗೆ ಹೋಗಿ ಸಹಿ ಹಾಕುತ್ತಿದ್ದಾರೆ, ಸರ್ಜನ್ನಿಗೆ ಫೋನು ಮಾಡಿ ತಾರೀಖು ತಗೊಳ್ಳಿ ಅನ್ನುತ್ತಿದ್ದಾರೆ, ಮರೆಪ್ಪ ಬಾಗಿಲಲ್ಲಿ ನಿಂತು ಛಲೋ ಆತ್ರಿ ಅಕ್ಕಾರ ಅನ್ನುತ್ತಿದ್ದಾನೆ, ಇಳಿಯಬೇಕು, ಇಳಿಯಲು ಕಿಟ್ಟು ಜಾಗ ಬಿಡಬೇಕು, ಬಿಡುತ್ತಿಲ್ಲ, ಒಂದು ಕೈಯನ್ನು ಅವಳ ಪಾದದ ಮೇಲೆ ಊರಿ ಹಾಗೇ ಕೂತಿದ್ದಾನೆ, ಭುಜ ಮೆಲ್ಲಗೆ ಅದುರುತ್ತಿದೆ, ಕಿಟಕಿಯ ಬಿಸಿಲು ನೇರ ಅಲ್ಲಿಗೇ ಬಿದ್ದಿದೆ, ಆ ನೆತ್ತಿ, ಸಂಡಿಗೆಯಷ್ಟಗಲ, ನುಣ್ಣಗೆ, ಬೆವರಿನ ಒಂದೇ ಹನಿ ಹೊತ್ತು, ಆ ನೆತ್ತಿ —